ಮೂರು ತಿಂಗಳಿಗೆ ಈಡೇರಿದ ಪ್ರಾರ್ಥನೆ

ನಮ್ಮ ಅತ್ತಿಗೆ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ “ಯಾವ ವರ್ಷದಲ್ಲಿ?” ಎಂದು ತಿರುಗಿ ಕೇಳುತ್ತೇವೆ. ಅಣ್ಣನನ್ನು ಮದುವೆಯಾಗಿ ಬಂದಾಗ ಅವರು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದರು. ಎಂಥ ಅಂಜುಬುರುಕರಾದರೂ, ಎಷ್ಟೇ ದಪ್ಪ ತೋಳಾದರೂ, ಒಂದೇ ಚುಚ್ಚಿಗೆ ರಕ್ತ ತೆಗೆಯುತ್ತಿದ್ದರು. ಎರಡು ವರ್ಷವಾದ ಮೇಲೆ, “ದಿನಕ್ಕೆ ಅರವತ್ತು ತೋಳು ನೋಡ್ತೀನಿ, ಒಂದು ಮುಖಾನೂ ನೋಡಲ್ಲ” ಎಂದು ಆ ಕೆಲಸ ಬಿಟ್ಟರು. ಆಮೇಲೆ ಮನೆ ಕಟ್ಟಿಸಿ ಮಾರುವ ಕಂಪನಿಯಲ್ಲಿ ಮಾದರಿ ಫ್ಲಾಟ್ ತೋರಿಸುವ ಕೆಲಸ. ಅಲ್ಲಿ ಟಿವಿ ರಟ್ಟಿನದು, ಬುಟ್ಟಿಯ ಹಣ್ಣು ಪ್ಲಾಸ್ಟಿಕ್ಕಿನದು, ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇತ್ತು. “ಮಧ್ಯಾಹ್ನ ಬಿಸಿಲು ಹೊಡೆಯತ್ತಾ?” ಎಂದು ಗಿರಾಕಿ ಕೇಳಿದರೆ ಅತ್ತಿಗೆ ನಿಜ ಹೇಳಿಬಿಡುತ್ತಿದ್ದರು. ಹೀಗಾಗಿ ಆ ಕೆಲಸ ತಾನಾಗಿಯೇ ಅವರನ್ನು ಬಿಟ್ಟಿತು. ಮೂರನೆಯದು ವಾಷಿಂಗ್ ಮೆಷಿನ್ ಕಂಪನಿಯ ದೂರು ವಿಭಾಗ. ಕಿವಿಗೆ ಫೋನು ಸಿಕ್ಕಿಸಿಕೊಂಡು ಎಂಟು ಗಂಟೆ ಬೈಸಿಕೊಳ್ಳುವುದು. ಅಲ್ಲಿದ್ದಾಗಲೇ ಬಸುರಿಯಾದರು. ಮಗ ಹುಟ್ಟಿದ ಮೇಲೆ ಮತ್ತೆ ಹೋಗಲಿಲ್ಲ.

ಮಗನಿಗೆ ಏಳು ತಿಂಗಳಾದಾಗ ಒಂದು ಭಾನುವಾರ ಅವರು ನಮ್ಮ ಕ್ರೈಸ್ತ ಸಭೆಯ ಪ್ರಾರ್ಥನೆ ಪುಸ್ತಕದಲ್ಲಿ ಒಂದು ಸಾಲು ಬರೆದರು: “ನಾನು ಯಾವುದಕ್ಕಾಗಿ ಇದ್ದೇನೆ ಎಂದು ದೇವರು ತಿಳಿಸಿಕೊಡಲಿ.”

ನಮ್ಮ ಸಭೆ ಸೇರುವುದು ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಬುಡದಲ್ಲಿ ಮಾರಾಟಕ್ಕಿಟ್ಟ ಸೋಫಾಗಳನ್ನು ದಾಟಿಕೊಂಡು ಹೋಗಿ ನಾವು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತೇವೆ. ಬಾಗಿಲ ಬಳಿಯ ಮೇಜಿನ ಮೇಲೆ ಆ ಉದ್ದನೆಯ ಪುಸ್ತಕ. ಎಡಪುಟದಲ್ಲಿ ಬೇಡಿಕೆಗಳು, ಬಲಪುಟದಲ್ಲಿ ಕೃತಜ್ಞತೆಗಳು. ಅದನ್ನು ಕಾಯುವವರು ದಫ್ತರದ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು. ಎಲ್ಲರಿಗೂ ಅವರು ರಿಜಿಸ್ಟರ್ ಅಂಕಲ್.

ಬರೆದದ್ದನ್ನು ಆರಾಧನೆಯ ಹೊತ್ತಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ದೇವರಿಗೆ ಕೇಳಲಿ ಎಂದು ಓದಿದ್ದು ಮೊದಲು ಕೇಳಿಸುವುದು ಸಭೆಗೆ. ಆದ್ದರಿಂದ ಉತ್ತರಗಳೂ ಮೊದಲು ಸಭೆಯಿಂದಲೇ ಬಂದವು.

“ಮಗು ಬೆಳೆಸೋದೇ ನಿನ್ನ ಸೇವೆ ಕಣಮ್ಮ. ಇನ್ನೇನು ಬೇಕು?” ಎಂದರು ಪಾಸ್ಟರಮ್ಮ. ಅವರ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರಿದ್ದಾರೆ.

“ನಮ್ಮ ಗಾಯನ ತಂಡಕ್ಕೆ ಬನ್ನಿ ಸಿಸ್ಟರ್” ಎಂದ ಗಿಟಾರಿನವನು, ಅತ್ತಿಗೆ ಹಾಡಿದ್ದನ್ನು ಕೇಳಿರದೆ.

“ಸುಮ್ನೆ ಮನೇಲಿರು. ಗುರಿಯಂತೆ ಗುರಿ! ನಾನೇನು ಗುರಿ ಇಟ್ಕೊಂಡು ಇವನ್ನ ಹೆತ್ತೆನಾ?” ಎಂದು ನಮ್ಮಮ್ಮ ಅಣ್ಣನ ಕಡೆಗೆ ಬೆರಳು ತೋರಿಸಿದರು. ಅಣ್ಣ ಪೇಪರ್ ಓದುತ್ತಲೇ ಇದ್ದ.

ನಾನೂ ಸುಮ್ಮನಿರಲಿಲ್ಲ. ನನ್ನ ಮಗಳು ಅವರ ಮಗನಿಗಿಂತ ಎರಡು ತಿಂಗಳು ದೊಡ್ಡವಳು. ಅವಳು ಸೀನಿದರೂ ಹತ್ತು ಕಡೆ ಹುಡುಕಿ ಓದುವ ಅಭ್ಯಾಸ ನನಗೆ. ಅದೇ ಹುರುಪಿನಲ್ಲಿ “ಒಂಬತ್ತು ಪ್ರಶ್ನೆಗಳಲ್ಲಿ ನಿಮ್ಮ ಬಾಳಿನ ಗುರಿ” ಎಂಬುದೊಂದನ್ನು ಫೋನಿನಲ್ಲಿ ಹುಡುಕಿ ಅತ್ತಿಗೆಯಿಂದ ಉತ್ತರ ತುಂಬಿಸಿದೆ. ಫಲಿತಾಂಶ: ಅರಣ್ಯ ರಕ್ಷಣೆ. ಅತ್ತಿಗೆ ಬಾಲ್ಕನಿಯ ಒಂದೇ ಒಂದು ಕುಂಡದ ಕಡೆ ನೋಡಿದರು. ಅದೂ ಒಣಗಿತ್ತು.

ಹೀಗೆ ಮೂರು ತಿಂಗಳು ಕಳೆದವು. ಒಂದು ಶುಕ್ರವಾರ ಹಳೆಯ ಲ್ಯಾಬಿನ ಮೇಲ್ವಿಚಾರಕಿ ಫೋನು ಮಾಡಿದರು. “ವಾಪಸ್ ಬರ್ತೀರಾ? ಬೆಳಿಗ್ಗೆ ಆರರಿಂದ ಎರಡು. ಸೋಮವಾರ ಸಂಜೆಯೊಳಗೆ ಹೇಳ್ಬೇಕು, ಇಲ್ದಿದ್ರೆ ಬೇರೆಯವರನ್ನ ತಗೋತೀವಿ.” ಅತ್ತಿಗೆ ಫೋನಿಟ್ಟವರು ಮಗನ ಅಂಗಿಯೊಂದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಹೋದ್ರೆ ಇವನನ್ನ ಬಿಟ್ಟೆ ಅನ್ಸತ್ತೆ. ಹೋಗ್ದಿದ್ರೆ ನನ್ನನ್ನೇ ಬಿಟ್ಟೆ ಅನ್ಸತ್ತೆ” ಎಂದರು. ಸಲಹೆ ಕೊಡುವ ಬದಲು ನಾನೂ ಒಂದು ಅಂಗಿ ಮಡಿಸಿದೆ. ಅಂಥದ್ದು ನನಗೆ ಅಪರೂಪ.

ಆ ಭಾನುವಾರ ಪಾಸ್ಟರ್ ಬಲಪುಟ ಓದುತ್ತಾ ತಲೆಯೆತ್ತಿದರು. “ನಮ್ಮ ಸಹೋದರಿಯೊಬ್ಬರಿಗೆ ಕರ್ತನು ಬಾಳಿನ ಗುರಿಯನ್ನು ತಿಳಿಸಿಕೊಟ್ಟಿದ್ದಾನೆ! ಮುಂದೆ ಬಂದು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಬೇಕಮ್ಮ.” ಅವರ ಕೈ ನೇರವಾಗಿ ಅತ್ತಿಗೆಯ ಕಡೆಗಿತ್ತು. ಸಭೆ ಚಪ್ಪಾಳೆ ತಟ್ಟಿತು. ಗಿಟಾರಿನವನು ಒಂದು ತಂತಿ ಮೀಟಿದ.

ಅತ್ತಿಗೆ ನನ್ನ ಕಡೆ ಬಾಗಿದರು. “ಏನಂತೆ ನನ್ನ ಗುರಿ? ನಿಂಗೇನಾದ್ರೂ ಹೇಳಿದ್ರಾ?”

“ನಂಗೆಲ್ಲಿ ಗೊತ್ತು ಅತ್ತಿಗೆ? ಎದ್ದೇಳಿ, ಎಲ್ರೂ ನೋಡ್ತಿದಾರೆ.”

ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವರು ಎದ್ದು ಹೋದರು. ಮಗ ಮೊದಲು ಮೈಕನ್ನು ಬಾಯಿಗೆ ಹಾಕಿಕೊಂಡ. ಅದಕ್ಕೆ ಎಷ್ಟು ಜನರ ಎಂಜಲು ಹಾರಿದೆಯೋ ಎಂದು ನಾನು ಲೆಕ್ಕ ಹಾಕಿದೆ. ಅತ್ತಿಗೆ ಅವನ ಬಾಯಿಂದ ಅದನ್ನು ಬಿಡಿಸಿಕೊಂಡು ಮಾತಾಡಿದರು.

“ನಂಗೆ ಇನ್ನೂ ಏನೂ ಗೊತ್ತಾಗಿಲ್ಲ. ನಾಳೆ ಸಂಜೆಯೊಳಗೆ ಒಂದು ಕೆಲಸಕ್ಕೆ ಹೂಂ ಅನ್ಬೇಕೋ ಉಹೂಂ ಅನ್ಬೇಕೋ, ಅದೂ ಗೊತ್ತಿಲ್ಲ. ದಿನಾ ಕೇಳ್ತೀನಿ, ದೇವರು ಸುಮ್ಮನಿದಾನೆ. ಆದ್ರೆ ಆ ಸುಮ್ಮನಿರೋದು ಫೋನ್ ಕಟ್ ಮಾಡಿದ ಹಾಗಿಲ್ಲ. ಆ ಕಡೆ ಯಾರೋ ಕಿವಿಗೊಟ್ಟು ಕೂತಿರೋ ಹಾಗಿದೆ. ಅದಕ್ಕೇ ಕೇಳೋದು ಬಿಟ್ಟಿಲ್ಲ. ಅಷ್ಟೇ ನನ್ನ ಸಾಕ್ಷಿ.”

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ರಿಜಿಸ್ಟರ್ ಅಂಕಲ್ ಎದ್ದರು. “ಅದು ಹೇಗಮ್ಮ? ಮೂರು ತಿಂಗಳಾಯ್ತಲ್ಲ!”

“ಮೂರು ತಿಂಗಳಾದ್ರೆ ಏನು?” ಎಂದರು ಅತ್ತಿಗೆ.

“ಆದ್ರೆ ಈಡೇರಿದೆ ಅಂತ ಅರ್ಥ. ಹಿರಿಯರ ಸಮಿತಿ ತೀರ್ಮಾನ. ಈಡೇರಿದ್ದನ್ನ ಯಾರೂ ಬಂದು ಹೇಳಲ್ಲ, ಎಡಪುಟ ಓದಿ ಮುಗಿಸೋಕೆ ಅರ್ಧ ಗಂಟೆ ಹಿಡಿಯತ್ತೆ. ಅದಕ್ಕೇ ಮೂರು ತಿಂಗಳು ದಾಟಿದ್ದನ್ನ ಬಲಕ್ಕೆ ಹಾಕ್ತೀವಿ. ನಾನು ನಿಯಮ ಮೀರೋನಲ್ಲ.”

ಹಿಂದಿನ ಸಾಲಿನಿಂದ ಒಂದು ಊರುಗೋಲು ಮೇಲೆದ್ದಿತು. ಅದರ ಹಿಂದೆ ನಿಧಾನವಾಗಿ, ನಿವೃತ್ತ ಬಸ್ ಡ್ರೈವರ್ ತಾತ. “ಹಾಗಾದ್ರೆ ನನ್ನ ಮಂಡಿ?”

ಅಂಕಲ್ ಪುಟ ತಿರುವಿದರು. “ನಿಮ್ಮದು ಹೋದ ವರ್ಷವೇ ವಾಸಿಯಾಗಿದೆ. ಪುಟ ಹತ್ತೊಂಬತ್ತು.”

“ನಂಗೊಂದು ಮಾತು ಹೇಳಬಾರದಿತ್ತೇನಯ್ಯಾ? ಈ ಕೋಲು ಹಿಡ್ಕೊಂಡು ಸುಮ್ನೆ ಓಡಾಡ್ತಿದೀನಲ್ಲ!”

ಸಭೆಯಲ್ಲಿ ನಗು ಹಬ್ಬಿತು. ಪಾಸ್ಟರ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಗ ಬಟ್ಟೆ ಹೊಲಿಯುವ ಆಂಟಿ ಕೂತಲ್ಲಿಂದಲೇ ಕೇಳಿದರು, “ನನ್ನ ಮಗ ನನ್ನ ಹತ್ರ ಮಾತಾಡ್ತಿದಾನೆ ಅಂತ ಬರೆದಿದೆಯಾ ಅದ್ರಲ್ಲಿ?”

ಅಂಕಲ್ ಹುಡುಕಿದರು. ಸಿಕ್ಕಿತೆಂದು ಅವರ ಮುಖವೇ ಹೇಳಿತು. ಅವರು ಪುಸ್ತಕ ಮುಚ್ಚಿದರು. ನಗು ನಿಂತಿತು.

“ಅಂಕಲ್, ಇದು ನಮ್ಮ ವಾಷಿಂಗ್ ಮೆಷಿನ್ ಕಂಪನಿ ಥರಾನೇ ಆಯ್ತು” ಎಂದರು ಅತ್ತಿಗೆ, ಇನ್ನೂ ಮೈಕಿನ ಮುಂದೆಯೇ ಇದ್ದವರು. “ಎರಡು ದಿನ ಆದ್ರೆ ದೂರು ತಾನೇ ಮುಚ್ಚಿಹೋಗ್ತಿತ್ತು. ಮೆಷಿನ್ ಸೋರ್ತಾನೇ ಇರ್ತಿತ್ತು.”

ಆರಾಧನೆ ಮುಗಿದ ಮೇಲೆ ಹಿರಿಯರ ಸಮಿತಿ ತುರ್ತಾಗಿ ಸೇರಿತು. ಎರಡು ಸುತ್ತು ಚಹಾ, ಒಂದು ಸುತ್ತು ಬಿಸ್ಕತ್ತು, ಮೂರು ಭಾಷಣ ಮುಗಿಸಿ ಸರ್ವಾನುಮತದಿಂದ ತೀರ್ಮಾನಿಸಿತು: ಮೂರು ತಿಂಗಳ ಅವಧಿಯನ್ನು ಆರು ತಿಂಗಳಿಗೆ ಏರಿಸತಕ್ಕದ್ದು.

ಅಷ್ಟರಲ್ಲಿ ಅತ್ತಿಗೆ ಪುಸ್ತಕ ಮನೆಗೆ ಕೊಡಿ ಎಂದು ರಿಜಿಸ್ಟರ್ ಅಂಕಲ್ ಅವರನ್ನು ಕೇಳಿದ್ದರು.

“ದಫ್ತರದ ಪುಸ್ತಕ ಹೊರಗೆ ಹೋಗೋ ಹಾಗಿಲ್ಲ.”

“ಫೋಟೋ ತೆಗೀಬಾರದು ಅಂತ ನಿಯಮ ಇದೆಯಾ?”

ಅಂಕಲ್ ಯೋಚಿಸಿದರು. ಇರಲಿಲ್ಲ. ಅವರೇ ಪುಟಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದರು. ಹೊಲಿಗೆ ಆಂಟಿಯ ಪುಟ ಬಂದಾಗ ಮಾತ್ರ ಬೇರೆ ಕಡೆ ನೋಡಿದರು.

ಸೋಮವಾರ ಬೆಳಿಗ್ಗೆ ನಾನು ಹೋದಾಗ ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಮಗ ಡಬ್ಬಿಗಳನ್ನು ಉರುಳಿಸುತ್ತಿದ್ದ. ಫೋಟೋ ನೋಡಿ ಹೆಸರು, ನಂಬರುಗಳ ಪಟ್ಟಿ ಮಾಡಿಕೊಂಡು, ಬಲಪುಟಕ್ಕೆ ತಳ್ಳಿದ ನಲವತ್ತೊಂದು ಜನರಿಗೆ ಒಬ್ಬೊಬ್ಬರಿಗೇ ಫೋನು ನಡೆದಿತ್ತು. ಮಗುವಿನ ಪಕ್ಕದಲ್ಲಿ ಅಷ್ಟು ಹೊತ್ತು ಫೋನು ಹಿಡಿಯಬಾರದು ಎಂದು ನಾನು ಓದಿದ್ದನ್ನು ಹೇಳಹೊರಟೆ. ಅವರು ಕೈಯೆತ್ತಿ ತಡೆದರು. ಹೊಲಿಗೆ ಆಂಟಿ ಮಾತಾಡುತ್ತಿದ್ದರು. ಒಂದು ಗಂಟೆ. ಅತ್ತಿಗೆ “ಹೂಂ, ಹೇಳಿ” ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಕೊನೆಗೆ, “ನಂಗೆ ಚೆನ್ನಾಗಿ ಪ್ರಾರ್ಥನೆ ಮಾಡೋಕೆ ಬರಲ್ಲ ಆಂಟಿ, ತಪ್ಪಾದ್ರೆ ಬೇಜಾರ್ ಮಾಡ್ಕೋಬೇಡಿ” ಎಂದು ಕಣ್ಣು ಮುಚ್ಚಿ ತಡವರಿಸುತ್ತಾ ನಾಲ್ಕು ಮಾತು ಪ್ರಾರ್ಥಿಸಿದರು. ಆ ಮಗನ ಹೆಸರು ಎರಡು ಸಲ ಬಂತು.

ಊಟಕ್ಕೆ ಬಂದ ಅಣ್ಣ, “ಏನೇ, ಮತ್ತೆ ದೂರು ವಿಭಾಗಾನಾ?” ಎಂದ.

“ಹೂಂ ರೀ. ಈ ಸಲ ಮುಚ್ಚೋ ಬಟನ್ ಇಲ್ಲ.”

ಸಂಜೆ ಐದಾದರೂ ಅತ್ತಿಗೆ ಲ್ಯಾಬಿನ ಮಾತೆತ್ತಲಿಲ್ಲ. ಗಡಿಯಾರ ನೋಡುತ್ತಾ ಕಚ್ಚಿ ಕಚ್ಚಿ ನನ್ನ ಉಗುರು ಮುಗಿಯುತ್ತಾ ಬಂತು. ಕೊನೆಗೆ ಮೇಲ್ವಿಚಾರಕಿಯೇ ಫೋನು ಮಾಡಿದರು.

“ಬರ್ತೀನಿ ಮೇಡಂ” ಎಂದರು ಅತ್ತಿಗೆ, ಶುಕ್ರವಾರದಿಂದ ಎಲ್ಲ ತೀರ್ಮಾನವಾಗಿದ್ದವರಂತೆ. “ಈ ಸಲ ತೋಳು ಹಿಡಿಯೋ ಮುಂಚೆ ಮುಖ ನೋಡ್ತೀನಿ, ಸ್ವಲ್ಪ ನಿಧಾನ ಆಗತ್ತೆ. ಆಮೇಲೆ ಪ್ರತಿ ಬುಧವಾರ ಬರೋಕಾಗಲ್ಲ.”

“ಬುಧವಾರ ಏನು? ಮಗೂಗೆ ಡಾಕ್ಟರಾ?”

“ಅಲ್ಲ. ಬುಧವಾರ ನಂಗೆ ಬೇರೆ ಕೆಲಸ ಇದೆ.”

“ಎಲ್ಲಿ ಸೇರ್ಕೊಂಡ್ರಿ?”

ಅತ್ತಿಗೆ ಪಟ್ಟಿ ನೋಡಿದರು. “ಇನ್ನೂ ಇಪ್ಪತ್ತೊಂಬತ್ತು ಜನ ಬಾಕಿ ಇದಾರೆ ಮೇಡಂ.”

ಆ ಕಡೆಯವರಿಗೆ ಏನು ಅರ್ಥವಾಯಿತೋ, ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಇಟ್ಟರು. ಗುರುವಾರ ಒಪ್ಪಿದರು. ಒಂದೇ ಚುಚ್ಚಿಗೆ ರಕ್ತ ತೆಗೆಯುವವರು ಬೀದಿಗೊಬ್ಬರು ಸಿಗುವುದಿಲ್ಲ. ಬೆಳಗಿನ ಹೊತ್ತು ಮೊಮ್ಮಗನನ್ನು ನೋಡಿಕೊಳ್ಳಲು ಅಮ್ಮನೂ ಒಪ್ಪಿದರು, ದಿನಕ್ಕೆ ಎರಡು ಸಲ ಗೊಣಗುವ ಹಕ್ಕು ಇಟ್ಟುಕೊಂಡು.

ಆದರೆ ಸೋಮವಾರ ಅದೆಲ್ಲ ನಮಗೆ ಗೊತ್ತಿರಲಿಲ್ಲ. “ಒಪ್ಪದಿದ್ರೆ ಏನ್ ಮಾಡ್ತೀರಿ ಅತ್ತಿಗೆ?” ಎಂದು ಕೇಳಿದೆ.

“ಏ, ಸುಮ್ನಿರೇ” ಎಂದು ಅವರು ಆಗಲೇ ಮುಂದಿನ ನಂಬರು ಒತ್ತುತ್ತಿದ್ದರು. “ಅಜ್ಜೀ, ಸಭೆಯಿಂದ ಮಾತಾಡ್ತಿದೀನಿ. ನಿಮ್ಮ ಕಣ್ಣು ಪೂರ್ತಿ ವಾಸಿಯಾಗಿದೆ ಅಂತ ಬರೆದಿದೆ ಇಲ್ಲಿ. ನಿಜಾನಾ?”

ಅಜ್ಜಿ ನಕ್ಕದ್ದು ಅಡುಗೆಮನೆಗೆಲ್ಲ ಕೇಳಿಸಿತು. ಅತ್ತಿಗೆ ಮಗನನ್ನು ತೊಡೆಗೆಳೆದುಕೊಂಡು ಗೋಡೆಗೆ ಒರಗಿದರು. “ಹೂಂ, ಹೇಳಿ ಅಜ್ಜೀ.”