ಗಿರಿಜಮ್ಮನವರ ಕಂಪ್ಯೂಟರಿನ ಕೆಂಪು ಸ್ವಿಚ್ಚು

ಕೊರೊನಾ ಗಲಾಟೆ ಮುಗಿದ ಮರುವರ್ಷದ ಮಾತು. ಆಗ ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಕಡೂರು, ಅಜ್ಜಂಪುರ, ಪಂಚನಹಳ್ಳಿ ಎಲ್ಲಿಂದ ಕರೆ ಬಂದರೂ ಸ್ಕೂಟರ್ ಹತ್ತಿ ನಾನೇ ಹೋಗುತ್ತಿದ್ದೆ. ಮದುವೆ ಕೂಡಿಬರಲಿಲ್ಲವಾದ್ದರಿಂದ ಮನೆಗೆ ಬೇಗ ಬಾ ಎನ್ನುವವರು ಯಾರೂ ಇರಲಿಲ್ಲ. ಜನ ನಮ್ಮ ಕಸುಬಿನವರನ್ನು ನೆನೆಸಿಕೊಳ್ಳುವುದು ಏನಾದರೂ ಕೆಟ್ಟಾಗ ಮಾತ್ರ. ಸರಿಹೋದ ಮೇಲೆ ನಮ್ಮ ಹೆಸರೂ ಮರೆತುಹೋಗುತ್ತದೆ. ಅದರ ಬಗ್ಗೆ ನನಗೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ.

ಆಯುಧಪೂಜೆ ಮುಗಿದ ಎರಡನೇ ದಿನ ಬೆಳಿಗ್ಗೆ ಅಜ್ಜಂಪುರದಿಂದ ಗಿರಿಜಮ್ಮ ಫೋನ್ ಮಾಡಿದರು. ಅರವತ್ತೆಂಟು ವರ್ಷದ ಅವರು ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಕೆಲಸ ಮಾಡುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸತ್ತವರ ಹೆಸರಿನ ಪೂಜೆಗೂ ಊಟಕ್ಕೂ ಕರೆಯುವ ಶಿವಗಣಾರಾಧನೆ ಪತ್ರಿಕೆ ಸುತ್ತಲಿನ ಊರುಗಳಲ್ಲಿ ಯಾರ ಮನೆಗೆ ಬೇಕಾದರೂ ಅವರ ಕೈಯಲ್ಲೇ ಆಗಬೇಕು. ಬುಕ್ಕಾಂಬುಧಿಯ ಯಾವ ಮನೆಯಲ್ಲಿ ಯಾವ ಸೊಸೆಯ ಹೆಸರು ಬಿಟ್ಟರೆ ರಂಪವಾಗುತ್ತದೆ ಎಂಬುದು ಕೂಡ ಅವರಿಗೆ ಬಾಯಿಪಾಠ.

"ಲೋಕೇಶಾ, ಕಂಪ್ಯೂಟ್ರು ಬಟನ್ ಒತ್ತಿದ್ರೂ ಉಸಿರೇ ಬಿಡ್ತಿಲ್ಲ ಕಣಪ್ಪಾ," ಎಂದರು.

"ಎಷ್ಟು ಹಳೇದಾಯ್ತು ಅದು! ಹೊಸದು ತಗೊಂಬಿಡಿ ಅಮ್ಮ."

"ಹೊಸದು ಬ್ಯಾಡ. ಅದ್ರೊಳಗೆ ಒಂದು ಪತ್ರಿಕೆ ಐತೆ. ಅದು ಬೇಕು. ಇನ್ನೆಲ್ಲೂ ಇಲ್ಲ."

ಗೊಣಗಿಕೊಂಡೇ ಹೋದೆ. ಗೋಡೆಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟು ನೋಡಿದೆ, ಕರೆಂಟ್ ಇತ್ತು. ಯುಪಿಎಸ್ ಬಿಡಿಸಿ ನೇರವಾಗಿ ಕೊಟ್ಟೆ, ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ. ಸ್ಕ್ರೂ ಬಿಚ್ಚುತ್ತಾ, ಯಾರ ಪತ್ರಿಕೆ ಅದು ಎಂದು ಕೇಳಿದೆ.

"ನಂದೇ ಕಣಪ್ಪಾ."

ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಎಲ್ಲಾರ್ದೂ ನಾನು ಮಾಡ್ದೆ. ನಂದು ಮಾಡೋರ್ಯಾರು? ಅದಕ್ಕೇ ಮೊದ್ಲೇ ಮಾಡಿಟ್ಟೆ. ತಾರೀಖೊಂದು ಬಿಟ್ಟಿದೀನಿ, ಅಷ್ಟೇ."

"ಇನ್ನೊಂದ್ಸಲ ಟೈಪ್ ಮಾಡಿದರಾಯ್ತಲ್ಲ?"

"ಒಂದ್ಸಲ ಮಾಡೋಕೇ ಆರು ತಿಂಗ್ಳು ಹಿಡೀತು. ಮತ್ತೆ ಕೂತು ಅದನ್ನ ಬರಿಯೋ ಧೈರ್ಯ ನಂಗಿಲ್ಲ."

ಮಾತು ಬೆಳೆಸದೆ ಎಸ್‌ಎಂಪಿಎಸ್ ಹೊರತೆಗೆದೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಡಬ್ಬಿ ಅದು. ಅದರ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಕರೆಂಟ್ ಕೊಟ್ಟರೆ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ಡಬ್ಬಿ ಸುಟ್ಟಿರುವುದು ಖಾತ್ರಿಯಾಯಿತು. ಬ್ಯಾಗಿನಲ್ಲಿ ಬೇರೊಂದು ಇತ್ತು. ಆದರೆ ಸುಡುವಾಗ ಹಾರ್ಡ್ ಡಿಸ್ಕನ್ನೂ ಎಳೆದುಕೊಂಡು ಹೋಗಿದ್ದರೆ ಪತ್ರಿಕೆ ಹೋದ ಹಾಗೆಯೇ. ಯಾಕೆ ಸುಟ್ಟಿತು ಎಂದು ತಿಳಿಯದೆ ಹೊಸದನ್ನು ಹಾಕಲು ಮನಸ್ಸಾಗಲಿಲ್ಲ.

"ಕೆಡೋಕೆ ಮುಂಚೆ ಏನು ಮಾಡಿದ್ರಿ?"

"ಪೂಜೆ ಮಾಡ್ದೆ."

ಡಬ್ಬಿ ತಿರುಗಿಸಿದೆ. ಹಿಂಬದಿಯಲ್ಲಿ ಒಂದು ಚಿಕ್ಕ ಕೆಂಪು ಸ್ವಿಚ್ಚು, ಅದರ ಮೇಲೆ ಸರಿಯಾಗಿ ಕುಂಕುಮ. ಹಳೇ ಎಸ್‌ಎಂಪಿಎಸ್‌ಗಳಲ್ಲಿ ವೋಲ್ಟೇಜ್ ಆರಿಸಲು ಈ ಸ್ವಿಚ್ಚು ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲಿರಬೇಕು. ಇಲ್ಲಿ 115ಕ್ಕೆ ಜರುಗಿತ್ತು. ಹಾಗಿಟ್ಟು ನಮ್ಮ ಕರೆಂಟ್ ಕೊಟ್ಟರೆ ಡಬ್ಬಿ ಸುಡುತ್ತದೆ.

"ಕೆಂಪಗೆ ಕಾಣುತ್ತಲ್ಲ, ಅದೇ ಅದ್ರ ಹಣೆ ಅಂತ ವರ್ಷಾವರ್ಷ ಅಲ್ಲೇ ಬೊಟ್ಟಿಡ್ತೀನಿ. ಈ ಸಲ ಹಳೇ ಕುಂಕುಮ ಗಟ್ಟಿಯಾಗಿ ಕೂತಿತ್ತು. ಹೇರ್‌ಪಿನ್ನಲ್ಲಿ ಕೆರೆದೆ."

"ಆನ್ ಮಾಡಿದಾಗ ಫಟ್ ಅನ್ನಲಿಲ್ವ?"

"ಅಂತು. ಬೀದೀಲಿ ಯಾರೋ ಪಟಾಕಿ ಹೊಡೆದ್ರು ಅಂದ್ಕೊಂಡೆ."

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹೊಸ ಡಬ್ಬಿ ಕೂರಿಸಿ, ಅದರ ಸ್ವಿಚ್ಚು 230ರಲ್ಲಿದೆಯೇ ಎಂದು ಎರಡು ಸಲ ನೋಡಿ, ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಒಂದು ಬೀಪ್ ಬಂತು. ಗಿರಿಜಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಪತ್ರಿಕೆ ಸಿಕ್ಕಿತು. ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ, ಆಮೇಲೆ ತೆರೆದೆ. ಹೆಸರು, ಹುಟ್ಟಿದೂರು, ಗಂಡನ ಹೆಸರು, ಫೋಟೊಗೆ ಬಿಟ್ಟ ಚೌಕ, ಒಂದು ತಪ್ಪಿಲ್ಲ. ಎಲ್ಲಕ್ಕಿಂತ ಕೆಳಗೆ 'ದುಃಖತಪ್ತರು' ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ. ಇಡೀ ತಾಲ್ಲೂಕಿನ ಸೊಸೆಯಂದಿರನ್ನು ಹುಡುಕಿ ಹುಡುಕಿ ಸೇರಿಸಿದ ಹೆಂಗಸು ತನ್ನ ಪತ್ರಿಕೆಗೆ ಹಾಕಲು ಒಂದು ಹೆಸರಿಲ್ಲದೆ ಕೂತಿದ್ದರು.

"ಅಲ್ಲೇ ಕಣಪ್ಪಾ ಆರು ತಿಂಗ್ಳು ಹೋಗಿದ್ದು," ಎಂದರು.

"ನನ್ನ ಹೆಸರು ಹಾಕಿ," ಎಂದುಬಿಟ್ಟೆ.

"ನೀನೇನು ನಂಟನಾ?"

"ಕೆಟ್ಟಾಗೆಲ್ಲ ಬಂದಿದೀನಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಒಂದೇ ಉಸಿರಿಗೆ ಟೈಪ್ ಮಾಡಿ ಸೇವ್ ಒತ್ತಿದರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಕಾಫಿ ತಂದರು. ನಾನು ಕೆಂಪು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಇನ್ನು ಮೇಲೆ ಬೊಟ್ಟು ಮಾನಿಟರಿಗೆ ಇಡಿ ಎಂದು ಹೇಳಿ ಹೊರಟೆ.

ಅಲ್ಲಿಂದ ಮುಂದೆ ಪ್ರತಿ ಆಯುಧಪೂಜೆಗೂ ಅವರ ಫೋನ್ ಬರುತ್ತಿತ್ತು. "ಸ್ವಿಚ್ಚು ಮುಟ್ಟಿಲ್ಲ, ಆದ್ರೂ ಬಂದು ನೋಡ್ಕಂಡು ಹೋಗು." ಏನೂ ಕೆಟ್ಟಿರುವುದಿಲ್ಲ ಎಂದು ಗೊತ್ತಿದ್ದೂ ಹೋಗುತ್ತಿದ್ದೆ. ಏನೂ ಕೆಡದಿದ್ದಾಗ ನನ್ನನ್ನು ಕರೆದ ಮನೆ ಅದೊಂದೇ.

ಯಂತ್ರ ಬಿಚ್ಚುವ ಮೊದಲು ಯಜಮಾನರ ಜೊತೆ ಕೂತು ಹಿಂದಿನ ದಿನದ ಕಥೆ ಕೇಳಬೇಕು ಎಂದು ಕಸುಬು ನನಗೆ ಕಲಿಸಿದ್ದು ಗಿರಿಜಮ್ಮನವರ ಮನೆಯಲ್ಲಿ. ರಿಪೇರಿ ಮುಗಿದ ತಕ್ಷಣ ಬ್ಯಾಗ್ ಹೆಗಲಿಗೇರಿಸಿ ಓಡಬಾರದು ಎಂಬುದನ್ನೂ ಅಲ್ಲೇ ಕಲಿತೆ.

ಹೋದ ವರ್ಷ ಗಿರಿಜಮ್ಮನವರ ಪಕ್ಕದ ಮನೆಯವರು ಫೋನ್ ಮಾಡಿ, ಅವರು ತೀರಿಕೊಂಡರು ಎಂದರು. ಹೋದೆ. ಕಂಪ್ಯೂಟರ್ ಮೊದಲನೇ ಸಲಕ್ಕೇ ಆನ್ ಆಯಿತು. ಖಾಲಿ ಬಿಟ್ಟಿದ್ದ ಜಾಗದಲ್ಲಿ ತಾರೀಖು ತುಂಬಿ ಪ್ರಿಂಟ್ ಕೊಟ್ಟೆ. ಕೆಳಗೆ ಒಂದೇ ಹೆಸರು, ನನ್ನದು. 'ದುಃಖತಪ್ತರು' ಎನ್ನುವುದು ಎಲ್ಲ ಪತ್ರಿಕೆಯಲ್ಲೂ ಇರುವ ಮಾಮೂಲಿ ಮಾತು ಎಂದುಕೊಂಡು ಆ ದಿನ ಹೆಸರು ಕೊಟ್ಟಿದ್ದೆ. ಪ್ರಿಂಟರಿನಿಂದ ಹಾಳೆ ಹೊರಬರುವಾಗ ಅವರ ಕುರ್ಚಿಯಲ್ಲೇ ಕೂತು ಅತ್ತೆ.