ರೆಕ್ಕೆ ಬಿಚ್ಚುವ ಸಣ್ಣತಿಮ್ಮಪ್ಪ

ಗೋವಿನಕೋವಿಯಲ್ಲಿ ಇನ್ನೂ ಕೋಳಿ ಕೂಗಿ ಮುಗಿದಿಲ್ಲ, ಆಗಲೇ ಊರ ನಡುವಿನ ದೊಡ್ಡ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಕಂಬಳಿ ಹೊದ್ದವರು, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡವರು, ಹಾಲು ಕರೆಯುವ ಕೆಲಸವನ್ನು ಯಾರದೋ ತಲೆಗೆ ಕಟ್ಟಿ ಓಡಿ ಬಂದವರು, ಎಲ್ಲರ ಕಣ್ಣೂ ಮೂಲೆಯಲ್ಲಿರುವ ಬಣ್ಣದ ಟಿವಿಯ ಮೇಲೆ. ಟಿವಿ ಇನ್ನೂ ಹಚ್ಚಿಲ್ಲ. ಅದರ ಮುಂದೆ ಸಣಕಲು ಮೈಯ ಒಬ್ಬರು ಮೊಣಕಾಲೂರಿ ಕೂತು, ಗಾಜಿನ ಮೇಲಂಚಿಗೊಂದು ಕೆಳಂಚಿಗೊಂದು ಕೆಂಪು ಮಖಮಲ್ಲಿನ ಪಟ್ಟಿ ಕಟ್ಟುತ್ತಿದ್ದಾರೆ.

"ಟಿವಿಗೆ ಸೀರೆ ಉಡಿಸ್ತೀಯೇನೋ ಮಾರಾಯ? ಹಚ್ಚೋ ಬೇಗ!" ಎಂದು ಹಿಂದಿನಿಂದ ಒಬ್ಬರು ಕೂಗುತ್ತಾರೆ.

"ತಡೀರಿ ಯಜಮಾನ್ರೇ, ಸೆರಗು ಸರಿ ಮಾಡಿ ಹಚ್ತೀನಿ" ಎನ್ನುತ್ತಾರೆ ಅವರು, ತಿರುಗಿಯೂ ನೋಡದೆ. ಪಡಸಾಲೆ ಪೂರ್ತಿ ನಗುತ್ತದೆ.

ಇವರು ನ್ಯಾಮತಿಯ ಸಣ್ಣತಿಮ್ಮಪ್ಪ. ಟಿವಿ, ವಿಸಿಆರ್ ಹೊತ್ತು ಹೊನ್ನಾಳಿ, ಚನ್ನಗಿರಿ, ಜಗಳೂರು ಎಂದು ಸುತ್ತುವ ಬಾಡಿಗೆ ಸಿನಿಮಾದವರು. ಟಿವಿಯನ್ನು ಹಳೇ ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಅದಕ್ಕೂ ಟಿಕೆಟ್ ಕೇಳುವ ಕಂಡಕ್ಟರಿಗೆ, "ಕೂಸ್ರೀ ಇದು, ಇನ್ನೂ ಮೂರು ತುಂಬಿಲ್ಲ" ಎಂದು ಉತ್ತರಿಸುತ್ತಾರಂತೆ. ನಮ್ಮ ಪತ್ರಿಕೆಗಳಿಗೆ ನಟರ ಚಪ್ಪಲಿಯ ಅಳತೆಯೂ ಗೊತ್ತು. ಅವರ ಮುಖವನ್ನು ಹಳ್ಳಿಗೆ ಹೊತ್ತು ತರುವವರ ಹೆಸರು ಮಾತ್ರ ಯಾರಿಗೂ ಬೇಡ. ಅದಕ್ಕೇ ಈ ವಾರ ನಾನು ಇವರ ಬೆನ್ನು ಹತ್ತಿದ್ದೇನೆ.

ಪಟ್ಟಿ ಕಟ್ಟಿದ ಮೇಲೆ ಅವರು ಎಡಕ್ಕೆ ತಿರುಗಿ, "ಹೆಂಗೈತೆ?" ಎನ್ನುತ್ತಾರೆ. ಗೋಡೆಯ ಪಕ್ಕ ಕರೆಂಟಿನ ಡಬ್ಬಿಯ ಮುಂದೆ ಕೂತ ಅವರ ಹೆಂಡತಿ ಕಲ್ಲಮ್ಮ ಮುಳ್ಳು ನೋಡಿ, ತಿರುಪು ಒಂದಿಷ್ಟು ತಿರುಗಿಸಿ, "ಹಚ್ಚಿ" ಎನ್ನುತ್ತಾರೆ. ಆಟ ಮುಗಿಯುವವರೆಗೂ ಅವರ ಕಣ್ಣು ಆ ಮುಳ್ಳಿನ ಮೇಲೆಯೇ. ವೋಲ್ಟೇಜು ಏರಿದರೆ ಟಿವಿ ಸುಟ್ಟೀತು, ಬಿದ್ದರೆ ಚಿತ್ರ ಮುದುಡೀತು.

ಬೆಳಗಿನ ಜಾವಕ್ಕೆ ಯಾರು ಸಿನಿಮಾ ನೋಡುತ್ತಾರೆ ಎಂದು ನಾನೂ ಮೊದಲು ನಕ್ಕಿದ್ದೆ. "ಸಂಜೆ ಎಲ್ಲಾರ ಮನ್ಯಾಗೂ ದೀಪ ಹತ್ತತಾವ್ರೀ, ಕರೆಂಟು ಸೊರಗತೈತೆ. ಚಿತ್ರ ಸಣ್ಣಗಾಗಿ ನಡುಗತೈತೆ. ಬೆಳಗಿನ ಕರೆಂಟು ಮೈ ತುಂಬ್ಕೊಂಡಿರತೈತೆ. ನಮ್ಮ ಜನಾನೂ ನಿದ್ದೆ ಬಿಟ್ಟು ಬರಾಕೆ ಕಲಿತಾರೆ" ಎಂದು ಸಣ್ಣತಿಮ್ಮಪ್ಪ ವಿವರಿಸುತ್ತಾರೆ.

ಆ ಕೆಂಪು ಪಟ್ಟಿಗೆ ಒಂದು ಕತೆಯಿದೆ. ಎಪ್ಪತ್ತರ ದಶಕದಲ್ಲಿ ಸಣ್ಣತಿಮ್ಮಪ್ಪ ಊರೂರು ತಿರುಗುವ ಟೆಂಟ್ ಟಾಕೀಸಿನಲ್ಲಿದ್ದರು. ಬಿಳಿ ಪರದೆಯ ಎರಡೂ ಬದಿಯನ್ನು ಕೆಂಪು ಮಖಮಲ್ಲು ಮುಚ್ಚಿರುತ್ತಿತ್ತು. ಮಾಮೂಲಿ ಚಿತ್ರಕ್ಕೆ ನಡುವಿನ ಬಿಳಿಯಷ್ಟೇ ಸಾಕು. ಅಗಲದ ಸಿನಿಮಾಸ್ಕೋಪ್ ಚಿತ್ರ ಬಂದರೆ ಮಖಮಲ್ಲನ್ನು ಹಗ್ಗ ಜಗ್ಗಿ ಸರಿಸಬೇಕು. ಟೆಂಟಿನವರು ಅದಕ್ಕೆ ರೆಕ್ಕೆ ಬಿಚ್ಚುವುದು ಎನ್ನುತ್ತಿದ್ದರು. ಜಗ್ಗುವ ಕೆಲಸ ಇವರದು.

"ರೆಕ್ಕೆ ಬಿಚ್ಚಿದ ಕೂಡ್ಲೇ ಜನ ಹೊಡೆಯೋ ಸಿಳ್ಳೆ ಹೀರೋಗಲ್ರೀ, ನನಗೆ!" ಎನ್ನುವಾಗ ಅವರ ಮುಖ ಈಗಲೂ ಅರಳುತ್ತದೆ.

ಟೆಂಟು ಮುಚ್ಚಿದ ದಿನ ಒಬ್ಬೊಬ್ಬರು ಒಂದೊಂದು ಸಾಮಾನು ಹೊತ್ತರು. ಯಾರಿಗೂ ಬೇಡವಾದ ಮಖಮಲ್ಲನ್ನು ಕಲ್ಲಮ್ಮ ಮಡಚಿ ಮನೆಗೆ ತಂದರು. ಆಮೇಲೆ ವಿಸಿಆರ್ ಬಂತು, ಗಂಡ ಹೆಂಡತಿ ಇಬ್ಬರೂ ಅದರ ಹಿಂದೆ ಹೊರಟರು.

ಇನ್ನು ಲಕ್ಷ್ಮಕ್ಕನ ವಿಷಯಕ್ಕೆ ಬರಬೇಕು. ಆಕೆಯಿಲ್ಲದೆ ಸಣ್ಣತಿಮ್ಮಪ್ಪನವರ ಕತೆ ಪೂರ್ತಿಯಾಗುವುದಿಲ್ಲ.

ಲಕ್ಷ್ಮಕ್ಕ ಜಗಳೂರಿನ ಹತ್ತಿರದ ಒಂದು ಹಟ್ಟಿಯವರು. ಹತ್ತು ವರ್ಷದ ಹಿಂದೆ ಅಲ್ಲಿನ ಬಯಲಿನಲ್ಲಿ ಒಂದು ಸಿನಿಮಾಸ್ಕೋಪ್ ಚಿತ್ರ ತೆಗೆದರು. ಹೀರೋ ಕುದುರೆ ಇಳಿದು ಬರುತ್ತಾನೆ, ದಾರಿಯ ಪಕ್ಕ ನಿಂತ ಹೆಂಗಸು ಚೊಂಬಿನಲ್ಲಿ ನೀರು ಕೊಡುತ್ತಾಳೆ, ಆತ ಕುಡಿದು ಹೋಗುತ್ತಾನೆ. ಹುಲ್ಲು ಹೊತ್ತು ಹೊರಟಿದ್ದ ಲಕ್ಷ್ಮಕ್ಕನನ್ನೇ ಕರೆದು ಪರದೆಯ ಎಡ ತುದಿಗೆ ಬರುವಂತೆ ನಿಲ್ಲಿಸಿದರು. ಟೆಂಟು ಜಗಳೂರಿಗೆ ಬಂದಾಗ ಹಟ್ಟಿಯ ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದರು. ಸಣ್ಣತಿಮ್ಮಪ್ಪನವರೂ ನೋಡಿದ್ದರು. ಆಕೆ ನಿಂತಿದ್ದು ಅವರೇ ಜಗ್ಗಿ ಬಿಚ್ಚಿದ ರೆಕ್ಕೆಯ ಜಾಗದಲ್ಲಿ.

ಅಂದಿನಿಂದ ಲಕ್ಷ್ಮಕ್ಕನಿಗೆ ಅದೇ ಮಾತು. ಬಾವಿಕಟ್ಟೆಯಲ್ಲಿ, ಕಳೆ ತೆಗೆಯುವಾಗ, ಬೀಗರ ಮನೆಯಲ್ಲಿ, ಎಲ್ಲೆಲ್ಲೂ "ನಾನು ಆತಗೆ ನೀರು ಕೊಟ್ಟೋಳು" ಎನ್ನುವುದೇ. ಆಮೇಲೆ ಮದುವೆಯಾಗಿ ಬಂದ ಸೊಸೆ ಉಚ್ಚಂಗಮ್ಮನಿಗೆ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. "ಆಹಾ, ನೀವು ಹೀರೋಯಿನ್ನೇ ಬಿಡ್ರಿ ಅತ್ತಿ" ಎಂದು ಕೆಣಕುತ್ತಿದ್ದಳು.

ಕಳೆದ ವರ್ಷ ಆ ಚಿತ್ರದ ಕ್ಯಾಸೆಟ್ ಬಂತು. ಸಣ್ಣತಿಮ್ಮಪ್ಪ ಕುಣಿಯುತ್ತಲೇ ಹಟ್ಟಿಗೆ ಹೋದರು. "ಬರ್ರಿ ಎಲ್ರೂ, ಲಕ್ಷ್ಮಕ್ಕನ್ನ ನೋಡಾಕೆ ಬರ್ರಿ" ಎಂದು ಮನೆಮನೆಗೂ ಹೇಳಿದರು. ಜನ ಸೇರಿದರು. ಕುದುರೆ ಬಂತು, ಹೀರೋ ಇಳಿದ. ಎಡಗಡೆಯಿಂದ ಒಂದು ಚೊಂಬು ಬಂತು, ಚೊಂಬು ಹಿಡಿದ ಬೆರಳು ಬಂದವು. ಅಷ್ಟೇ. ಹೆಂಗಸೇ ಇಲ್ಲ!

"ಕ್ಯಾಸೆಟ್ ಮಾಡೋರು ಎರಡೂ ರೆಕ್ಕೆ ಕಡಿದು ಬಿಸಾಕಿದ್ರು" ಎನ್ನುತ್ತಾರೆ ಸಣ್ಣತಿಮ್ಮಪ್ಪ.

ಯಾಕೆ ಕಡಿಯಬೇಕು ಎಂದು ನಾನು ಕೇಳಿದೆ. ಉತ್ತರ ಕೊಟ್ಟವರು ಕಲ್ಲಮ್ಮ. "ಸಿನಿಮಾ ಜಮಖಾನ ಇದ್ದಂಗ್ರೀ, ಟಿವಿ ಮಣೆ ಇದ್ದಂಗೆ. ಜಮಖಾನಾನ ಮಣೆ ಮ್ಯಾಲೆ ಹಾಸಾಕೆ ಆಗತೈತಾ? ಒಂದೋ ಎರಡೂ ಕಡೆ ಕತ್ತರಿಸಬೇಕು, ಇಲ್ಲಾಂದ್ರೆ ಇಡೀ ಚಿತ್ರಾನ ಸಣ್ಣದು ಮಾಡಿ ಮ್ಯಾಲೆ ಕೆಳಗೆ ಖಾಲಿ ಬಿಡಬೇಕು."

ಅವತ್ತು ಲಕ್ಷ್ಮಕ್ಕ ಸುಮ್ಮನೆ ಕೂರಲಿಲ್ಲ. ಎದ್ದು ಟಿವಿಯ ಎಡಕ್ಕೆ ಹೋಗಿ, ಕಿಟಕಿಯಾಚೆ ಯಾರಿದ್ದಾರೆಂದು ಬಗ್ಗಿ ನೋಡುವವರ ಹಾಗೆ ಗಾಜಿಗೆ ಕೆನ್ನೆ ಒತ್ತಿ ಓರೆಯಾಗಿ ಇಣುಕಿದರು. "ಇಲ್ಲೇ ಅದೀನಿ, ಈ ಕಡೇಗೇ ಅದೀನಿ ನೋಡ್ರೋ" ಎಂದರು. ಹಟ್ಟಿಯ ಜನ ಹೊಟ್ಟೆ ಹಿಡಿದು ನಕ್ಕರು. ಟೆಂಟಿನಲ್ಲಿ ನೋಡಿದ್ದ ಹಳಬರೂ, "ಯಾರೋ ಹೆಂಗಸು ಇದ್ದಂಗಿತ್ತಪ್ಪ, ಈಕೆನೋ ಬೇರೆ ಯಾರೋ" ಎಂದು ಜಾರಿಕೊಂಡರು.

ಹಾಸ್ಯ ಅಲ್ಲಿಗೆ ನಿಲ್ಲಲಿಲ್ಲ. ಎಮ್ಮೆ ಹಾಲು ಕಮ್ಮಿ ಕೊಟ್ಟಿತು ಎಂದು ಲಕ್ಷ್ಮಕ್ಕ ಅಂದರೆ, "ಹೀರೋಗೆ ಕುಡಿಸಿದ್ಯೇನವ್ವಾ?" ಎನ್ನುವವರೇ. ಸಂತೆಯ ರೇಟು ಹೇಳಿದರೂ ನಂಬುವವರಿಲ್ಲ. ಸುಳ್ಳಿ ಎಂಬ ಹೆಸರು ಅಂಟಿಕೊಂಡಿತು. ವಟವಟ ಎನ್ನುತ್ತಿದ್ದ ಹೆಂಗಸು ಬಾವಿಕಟ್ಟೆಗೆ ಹೋಗುವುದನ್ನೇ ಬಿಟ್ಟು, ಮನೆಯಲ್ಲೂ ಮಾತು ನಿಲ್ಲಿಸಿದರು.

ಈ ಸುದ್ದಿ ಸಣ್ಣತಿಮ್ಮಪ್ಪನವರ ಕಿವಿಗೂ ಬಿತ್ತು. "ಡಂಗುರ ಹೊಡೆದೋನು ನಾನು, ಮಾನ ಹೋಗಿದ್ದು ಆಕೇದು" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಕ್ಯಾಸೆಟ್ ಮಾಡುವವರು ಯಾರು ಎಂದು ಹುಡುಕಲು ಹೊರಟರು. ಕೊನೆಗೆ ಚನ್ನಗಿರಿಯಲ್ಲಿ ಸುಳಿವು ಸಿಕ್ಕಿತು. ನಲ್ಲೂರಿನ ಷಣ್ಮುಖಪ್ಪ ಎಂಬುವರು ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯಲ್ಲಿದ್ದಾರೆ, ಹಬ್ಬಕ್ಕೆ ಊರಿಗೆ ಬರುತ್ತಾರೆ ಎಂದು. ಹಬ್ಬದ ಹೋಳಿಗೆ ಇನ್ನೂ ಎಲೆಯ ಮೇಲಿರುವಾಗಲೇ ಇವರು ಬಾಗಿಲಲ್ಲಿ ಹಾಜರು.

ಷಣ್ಮುಖಪ್ಪನವರ ಕೆಲಸವೇ ಅದು. ಅಗಲದ ಚಿತ್ರ ಓಡುತ್ತಿರುವಾಗ, ಟಿವಿಗೆ ಯಾವ ಭಾಗ ಬರಬೇಕೆಂದು ಎಡಕ್ಕೋ ಬಲಕ್ಕೋ ಸರಿಸುತ್ತ ಕೂರುವುದು. ಮಾಲೀಕರ ಅಪ್ಪಣೆ ಒಂದೇ: ಹೀರೋ ಮುಖ ಬಿಡಬೇಡ. "ನಾನೂ ಚನ್ನಗಿರಿ ಟೆಂಟಿನಾಗೆ ನಿಮ್ಮ ರೆಕ್ಕೆಗೆ ಸಿಳ್ಳೆ ಹೊಡದೋನೇ ಕಣಪ್ಪಾ" ಎಂದ ಅವರು, ಲಕ್ಷ್ಮಕ್ಕನ ಪಾಡು ಕೇಳಿ ಮರುಗಿದರು. ತಿಂಗಳೊಳಗೆ ಒಂದು ಕ್ಯಾಸೆಟ್ ಕಳಿಸಿದರು. ಅದರಲ್ಲಿ ಆ ಒಂದು ಗಳಿಗೆ ಚಿತ್ರವನ್ನು ಪೂರ್ತಿ ಎಡಕ್ಕೆ ಸರಿಸಿದ್ದರು.

ಈ ಸಲ ಟಿವಿ ತುಂಬ ಲಕ್ಷ್ಮಕ್ಕ! ಮೂಗುಬಟ್ಟು ಸಹಿತ ಕಾಣುತ್ತದೆ. ಆದರೆ ಹೀರೋ ಮಾಯ. ಗಾಳಿಗೆ ಚೊಂಬು ಹಿಡಿದು ನಿಂತ ಹೆಂಗಸು.

ಸಣ್ಣತಿಮ್ಮಪ್ಪ ಅದನ್ನು ಮೊದಲು ಲಕ್ಷ್ಮಕ್ಕನಿಗೂ ಸೊಸೆಗೂ ಮಾತ್ರ ತೋರಿಸಿದರು. ಉಚ್ಚಂಗಮ್ಮ ಕಣ್ಣರಳಿಸಿದಳು, ಮರುಗಳಿಗೆಗೆ ಬಾಯಿ ಸೊಟ್ಟ ಮಾಡಿದಳು. "ಇದು ಯಾವುದೋ ಮದುವೆ ವಿಡಿಯೋ ಇದ್ದಂಗೈತೆ. ಹೀರೋ ಎಲ್ಲಿ?" ಲಕ್ಷ್ಮಕ್ಕನೂ ಒಪ್ಪಲಿಲ್ಲ. "ಆತನ್ನ ಯಾಕೆ ಕಡಿಸಿದಿರಿ? ಪಾಪ, ಬಾಯಾರಿ ಬಂದಿದ್ದ" ಎಂದು ಎದ್ದು ಹೋದರು.

ಉಳಿದ ದಾರಿ ಒಂದೇ, ಕಲ್ಲಮ್ಮ ಹೇಳಿದ ಹಾಗೆ ಇಡೀ ಚಿತ್ರವನ್ನು ಸಣ್ಣದು ಮಾಡುವುದು. ಷಣ್ಮುಖಪ್ಪ ಅದನ್ನೂ ಮಾಡಿ ಕಳಿಸಿದರು. ಅಂಚಿನಿಂದ ಅಂಚಿನವರೆಗೆ ಚಿತ್ರ ಪೂರ್ತಿ, ಆದರೆ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ. ಮೊದಲು ಹೊನ್ನಾಳಿಯಲ್ಲಿ ಹಾಕಿ ನೋಡಿದರು. ಅಯ್ಯೋ, ಶುರುವಾಗುವ ಮೊದಲೇ ಗದ್ದಲ. "ಅರ್ಧ ಟಿವಿ ಸತ್ತೈತೆ, ನಿಲ್ಸು!" ಎಂದು ಒಬ್ಬರು ಟಿವಿಯ ನೆತ್ತಿಗೆ ಗುದ್ದಿಯೇ ಬಿಟ್ಟರು. ಸಣ್ಣತಿಮ್ಮಪ್ಪ ಕೈಮುಗಿದು ಬೇರೆ ಕ್ಯಾಸೆಟ್ ಹಾಕಿದರು.

ಮನೆಗೆ ಬಂದವರೇ ಕಲ್ಲಮ್ಮ ಅಟ್ಟದಿಂದ ಮಖಮಲ್ಲು ಇಳಿಸಿದರು. ಟಿವಿಯ ಅಳತೆ ಹಿಡಿದು ಎರಡು ಪಟ್ಟಿ ಕತ್ತರಿಸಿ, ಅಂಚು ಹೊಲಿದು, ದಾರ ಕಟ್ಟಿದರು. ಕಪ್ಪು ಜಾಗದ ಮೇಲೆ ಕೆಂಪು ಕೂತಿತು. "ಕರಿ ಪಟ್ಟಿ ನೋಡಿದ್ರೆ ಕೆಟ್ಟೈತೆ ಅಂತಾರೆ. ಕೆಂಪು ಪರದೆ ನೋಡಿದ್ರೆ ಟಾಕೀಸು ಅಂತಾರೆ. ನಮ್ಮ ಜನಾನ ನಾನು ಕಾಣ್ದೋಳಾ?" ಎಂದು ಕಲ್ಲಮ್ಮ ನನ್ನೆದುರು ನಗುತ್ತಾರೆ. ನಗುವಾಗಲೂ ಕಣ್ಣು ಮುಳ್ಳಿನ ಮೇಲೆ.

ಆ ಪಟ್ಟಿ ಕಟ್ಟಿ ಹಟ್ಟಿಯಲ್ಲಿ ಮತ್ತೆ ಆಟ ಹಾಕಿದ ಬೆಳಗ್ಗೆ ನಾನು ಅಲ್ಲಿರಲಿಲ್ಲ. ಹೊಟ್ಟೆ ಉರಿದು, ಮೊನ್ನೆ ಆ ಹಟ್ಟಿಗೇ ಹೋಗಿ ಎಲ್ಲರ ಬಾಯಿಂದ ಕೇಳಿ ಬಂದೆ. ಲಕ್ಷ್ಮಕ್ಕ ಅವತ್ತು ಆಟಕ್ಕೆ ಬರಲೇ ಇಲ್ಲವಂತೆ. ಹೊರಗೆ ದನದ ಕೊಟ್ಟಿಗೆಯಲ್ಲಿ ಬೇಕೆಂದೇ ಸಗಣಿ ಬಾಚುತ್ತಿದ್ದರಂತೆ. ಒಳಗೆ ಕೆಂಪು ಪರದೆ ನೋಡಿ ಜನ ಸಿಳ್ಳೆ ಹೊಡೆದರು. ಚಿತ್ರ ಸಣ್ಣಗಿದೆ ಎಂದು ಒಬ್ಬರೂ ತಕರಾರು ತೆಗೆಯಲಿಲ್ಲ. ಕುದುರೆ ಬಂತು, ಹೀರೋ ಇಳಿದ. ಎಡ ತುದಿಯಲ್ಲಿ ಹೆಂಗಸು, ನಡುವೆ ಚೊಂಬು, ಈಚೆಗೆ ಹೀರೋ.

ಮೊದಲು ಕೂಗಿದ್ದು ಉಚ್ಚಂಗಮ್ಮ. "ಅತ್ತೀ! ಅತ್ತೀ, ಓಡಿ ಬರ್ರಿ, ನೀವು ಬಂದೀರಿ!" ಎಂದು ಜನರನ್ನು ತುಳಿದುಕೊಂಡು ಕೊಟ್ಟಿಗೆಗೆ ಓಡಿ, ಸಗಣಿ ಕೈಯ ಅತ್ತೆಯನ್ನು ಹಾಗೇ ಎಳೆದು ತಂದಳು. ಅಷ್ಟರಲ್ಲಿ ಹೀರೋ ನೀರು ಕುಡಿದು ಹೋಗಿಯಾಗಿತ್ತು. ಸಣ್ಣತಿಮ್ಮಪ್ಪ ಕ್ಯಾಸೆಟ್ ಹಿಂದಕ್ಕೆ ಸುತ್ತಿದರು. ಜನ ಸಾಕೆನ್ನುವವರೆಗೂ ಸುತ್ತಿದರು, ಸಾಕೆನ್ನಲು ಬಹಳ ಹೊತ್ತು ಹಿಡಿಯಿತು.

"ಏನನ್ನಿಸ್ತು ಲಕ್ಷ್ಮಕ್ಕ?" ಎಂದು ನಾನು ಕೇಳಿದೆ.

"ಇಬ್ರೂ ಸಣ್ಣಗಾಗೀವಿ. ಆಗ್ಲಿ ಬಿಡ್ರಿ, ಇಬ್ರೂ ಅದೀವಲ್ಲ" ಎಂದರು. ಆಮೇಲೆ ಎರಡು ಗಂಟೆ ಹೊತ್ತು ಅದೇ ಕತೆಯನ್ನು ಮೊದಲಿನಿಂದ ಹೇಳಿದರು. ನನ್ನ ಬಸ್ಸು ತಪ್ಪಿಹೋಯಿತು. ಪಕ್ಕದಲ್ಲಿ ಕೂತ ಉಚ್ಚಂಗಮ್ಮ, ಅತ್ತೆ ಮರೆತ ಕಡೆ ತಾನೇ ಎತ್ತಿಕೊಡುತ್ತಿದ್ದಳು.

ಈಗ ಗೋವಿನಕೋವಿಯಲ್ಲಿ ಬಿಸಿಲು ಪಡಸಾಲೆಗೆ ಬಂದಿದೆ, ಅದೇ ಚಿತ್ರದ ಆಟ ಮುಗಿದಿದೆ. ಸಣ್ಣತಿಮ್ಮಪ್ಪ ಟಿವಿಗೆ ಕೌದಿ ಹೊದಿಸುತ್ತಾರೆ, ಕಲ್ಲಮ್ಮ ಕೆಂಪು ಪಟ್ಟಿ ಮಡಚಿ ಚೀಲಕ್ಕೆ ಹಾಕುತ್ತಾರೆ. ಪುರವಣಿಗೆ ಒಂದು ಫೋಟೋ ಬೇಕು ಎಂದು ನಾನು ಕ್ಯಾಮೆರಾ ತೆಗೆಯುತ್ತೇನೆ. ಸಣ್ಣತಿಮ್ಮಪ್ಪ ಟಿವಿ ಎತ್ತಿಕೊಂಡು ಬಿಸಿಲಿಗೆ ಬಂದು ನೆಟ್ಟಗೆ ನಿಲ್ಲುತ್ತಾರೆ. ಕರೆಂಟಿನ ಡಬ್ಬಿ ಹಿಡಿದ ಕಲ್ಲಮ್ಮ ಅಡ್ಡ ಬರಬಾರದೆಂದು ದೂರ ಸರಿಯುತ್ತಾರೆ.

ಬೇರೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ದೊಡ್ಡ ಟಿವಿ ಎನ್ನಬಹುದು, ಸ್ಕೂಟರ್ ಎನ್ನಬಹುದು ಎಂದುಕೊಂಡಿದ್ದೆ.

"ಒಂದೇ ಐತೆ ಸ್ವಾಮಿ. ಫೋಟೋದಾಗೆ ಆಕೀನೂ ಬರಬೇಕು. ಪೇಪರಿನೋರೂ ಅಂಚು ಕಡೀತಾರಂತೆ, ಕೇಳೀನಿ. ಕಡೀಬ್ಯಾಡ್ರಿ ಅಂತ ಹೇಳ್ರಿ."

ಹೇಳಿದ್ದೇನೆ. ಜಾಗ ಸಾಲದಿದ್ದರೆ ನನ್ನ ಬರಹದ ಸಾಲು ಕಡಿಯಿರಿ ಎಂದು ಸಂಪಾದಕರಿಗೆ ಚೀಟಿ ಬರೆದಿಟ್ಟಿದ್ದೇನೆ. ಮೇಲಿನ ಫೋಟೋವನ್ನು ಇನ್ನೊಮ್ಮೆ ನೋಡಿ. ಎಡ ತುದಿಯಲ್ಲಿ ಡಬ್ಬಿ ಹಿಡಿದು, ತಲೆ ತಗ್ಗಿಸಿ ನಿಂತಿರುವವರು ಕಲ್ಲಮ್ಮ.