ಪಾಲಮ್ಮನ ಮಂಕರಿಯ ಮೊಟ್ಟೆಗಳು

ಪಾಲಮ್ಮ ನಮ್ಮ ಹಟ್ಟಿಯ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹನ್ನೆರಡು ವರ್ಷದಿಂದ ಅದೇ ಅಡುಗೆಮನೆ. ಓದಿದ್ದು ನಾಲ್ಕನೇ ಕ್ಲಾಸು. ಊಟ ಬೇಡವೆಂದು ಮುಖ ತಿರುಗಿಸಿದ ಮಗುವನ್ನು ಅವಳು ಬೈಯುವುದಿಲ್ಲ, ರಮಿಸುವುದೂ ಇಲ್ಲ. “ನೀನು ತಿನ್ನಬ್ಯಾಡ ಬಿಡು. ನಿಂದೂ ಹೆಡ್‌ಮಾಸ್ಟ್ರೇ ತಿಂದು ದಪ್ಪಾಗಿ ಬಾಗಿಲಲ್ಲಿ ಸಿಕ್ಕಾಕ್ಕೊಳ್ಳಲಿ” ಅನ್ನುತ್ತಾಳೆ. ಮಗು ನಗುತ್ತದೆ, ಬಾಯಿ ತೆರೆದಾಗ ತುತ್ತು ಒಳಗೆ. ನನ್ನ ಮಗಳು ಕಾಂಚನಾ ಸೊಪ್ಪಿನ ಸಾರು ತಿನ್ನಲು ಕಲಿತದ್ದು ನನ್ನಿಂದಲ್ಲ.

ನಮ್ಮ ಹಟ್ಟಿಯೊಳಗೆ ಕೋಳಿ ಬರುವಂತಿಲ್ಲ, ಮೊಟ್ಟೆಯೂ ಬರುವಂತಿಲ್ಲ. ಕುರಿ ತಿನ್ನುತ್ತೇವೆ, ಕೋಳಿ ಮುಟ್ಟುವುದಿಲ್ಲ. ಹಿರಿಯರು ಮಾಡಿಟ್ಟ ಕಟ್ಟಳೆ. ನಾನು ಚಳ್ಳಕೆರೆಯಿಂದ ಸೊಸೆಯಾಗಿ ಬಂದಾಗ, ಕೋಳಿ ಕೂಗದೆ ಬೆಳಗಾಗುವುದಕ್ಕೆ ಹೊಂದಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಬೇರೆ ಶಾಲೆಗಳಲ್ಲಿ ಮೊಟ್ಟೆ ಕೊಡುವ ದಿನ ನಮ್ಮ ಮಕ್ಕಳಿಗೆ ಬಾಳೆಹಣ್ಣು.

ಹೀಗಿರುವಾಗ ಬುಧವಾರ ಸಂಜೆ ಹಟ್ಟಿಯ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಬಂತು. ಪಾಲಮ್ಮ ಸೊಂಟದ ಮೇಲೆ ಮಂಕರಿ ಇಟ್ಟುಕೊಂಡು ನಿಂತಿದ್ದಾಳೆ. ಮಂಕರಿ ತುಂಬ ಬೆಳ್ಳಗಿನ ಮೊಟ್ಟೆ. ಅವಳ ನೆತ್ತಿಗೆ ಕೋಳಿ ಜುಟ್ಟು, ಮೂಗಿನ ಜಾಗಕ್ಕೆ ಕೊಕ್ಕು ಅಂಟಿಸಿದ್ದಾರೆ. ಮೇಲೆ ದಪ್ಪ ಅಕ್ಷರ: “ಇವತ್ತಿನ ಸಾಂಬಾರ್ ಸ್ಪೆಷಲ್. ಮಕ್ಕಳೇ, ಮನೇಲಿ ಹೇಳಬೇಡಿ.”

ಸುಳ್ಳು ಯಾಕೆ, ನೋಡಿದ ತಕ್ಷಣ ನಾನೂ ನಕ್ಕೆ. ನಕ್ಕವರೆಲ್ಲ ಅದನ್ನು ಇನ್ನೊಬ್ಬರಿಗೆ ಕಳಿಸಿದರು. ನಂಬದವರೂ ಕಳಿಸಿದರು.

ಗುರುವಾರ ಐವತ್ತೆರಡು ಮಕ್ಕಳಲ್ಲಿ ತಟ್ಟೆ ಹಿಡಿದವರು ಹನ್ನೊಂದು. ಉಳಿದವರು ಮನೆಯಿಂದ ಡಬ್ಬಿ ತಂದಿದ್ದರು. ಹಟ್ಟಿಯ ಯಜಮಾನ ಚಿನ್ನಯ್ಯನವರೇ ಶಾಲಾ ಸಮಿತಿಯ ಅಧ್ಯಕ್ಷರು. ಅವರು ಸೋಮವಾರಕ್ಕೆ ಸಭೆ ಕರೆದರು. “ಮಕ್ಕಳು ಉಣ್ಣಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗ್ತೈತೆ ಪಾಲಮ್ಮ” ಅಂದರು.

ನಿಜವಾಗಿ ಆ ಮಂಕರಿಯಲ್ಲಿದ್ದದ್ದು ರೇಷ್ಮೆ ಗೂಡು. ರಾಂಪುರದ ಕಡೆ ಅವಳ ಅಣ್ಣ ಬೋರಣ್ಣ ಹುಳ ಸಾಕುತ್ತಾನೆ. ಗೂಡು ಬಿಡಿಸಲು ಹೋಗಿದ್ದಾಗ ತೆಗೆಸಿಕೊಂಡ ಫೋಟೋವನ್ನು ಪಾಲಮ್ಮನೇ ಸ್ಟೇಟಸ್ಸಿಗೆ ಹಾಕಿದ್ದಳು. ಅದರಲ್ಲಿ ಹಿಂದೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಇತ್ತು, ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿ ಇತ್ತು. ಈ ಚಿತ್ರದಲ್ಲಿ ಎರಡನ್ನೂ ಕತ್ತರಿಸಿ, ಗೂಡುಗಳನ್ನು ಉಬ್ಬಿಸಿ ಮಸುಕು ಮಾಡಿದ್ದರು. ಗ್ರೂಪಿಗೆ ಮೊದಲು ಹಾಕಿದವನು ನಮ್ಮ ಹಟ್ಟಿಯವನೇ ಆದ ಮಾರುತೇಶ. ಮೊಳಕಾಲ್ಮೂರಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಮಾಡುವ ಅಂಗಡಿ ಅವನದು. ಅವನ ಅತ್ತಿಗೆಗೆ ಅಡುಗೆ ಕೆಲಸ ಬೇಕಿತ್ತು.

ಶುಕ್ರವಾರ ಪಾಲಮ್ಮ ನನ್ನ ಮನೆಗೆ ಬಂದು ಗ್ರೂಪಿಗೆ ಧ್ವನಿ ಕಳಿಸಿದಳು. ನಾಲ್ಕು ನಿಮಿಷ. ಗೂಡಿನ ಕತೆ, ಅಣ್ಣನ ಕತೆ, ದೇವರ ಆಣೆ ಎಲ್ಲ ಇತ್ತು. ಉತ್ತರವಾಗಿ ಬಂದದ್ದು ಒಂದು ಕೋಳಿಯ ಸ್ಟಿಕ್ಕರ್.

ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. “ಅವನು ಒಂದು ಸಲ ನಗಿಸ್ದ, ಕೆಲ್ಸ ಆಗೋಯ್ತು. ನಾನು ನಾಕು ನಿಮಿಷ ಗೋಳಾಡ್ದೆ, ಯಾರಿಗೆ ಬೇಕಾಗೈತೆ?”

“ಪಾಲಮ್ಮತ್ತೆ, ಮಾರುತೇಶನ ಫೋಟೋಕ್ಕೆ ಕತ್ತೆ ಕಿವಿ ಇಟ್ಟು ಗ್ರೂಪಿಗೆ ಬಿಡಲಾ? ಎರಡು ನಿಮಿಷದ ಕೆಲಸ” ಅಂದೆ ನಾನು.

“ಬ್ಯಾಡ ಕಣವ್ವ. ಅವನ ಮಗನಿಗೆ ನಾಳೆ ನಾನೇ ಬಡಿಸ್ಬೇಕು. ಅಪ್ಪನ ಕಿವಿ ನೋಡಿದ ಹುಡುಗ ನನ್ನ ಕೈಯಾಗೆ ಉಣ್ತಾನಾ?” ಅಂದವಳು, “ನಿನ್ನ ಮದ್ವೆ ಸೀರೆ ತಗೊಂಬಾ” ಅಂದಳು.

ನನ್ನದು ಮೊಳಕಾಲ್ಮೂರು ರೇಷ್ಮೆ. ತೊಡೆಯ ಮೇಲಿದ್ದ ನನ್ನ ಎರಡನೇ ಕೂಸನ್ನು ಅವಳಿಗೆ ಕೊಟ್ಟು ಟ್ರಂಕು ತೆಗೆದೆ. ಸೀರೆ ಹಾಸಿ, ಅಣ್ಣನ ಮನೆಯಿಂದ ಅವಳು ತಂದಿದ್ದ ಹಿಡಿ ಗೂಡುಗಳನ್ನು ಅದರ ಮೇಲಿಟ್ಟು ಫೋಟೋ ತೆಗೆದೆ. ಪಕ್ಕಕ್ಕೆ ಅವಳ ಹಳೇ ಫೋಟೋ ಜೋಡಿಸುವಾಗ ಅಂಚು ಸ್ವಲ್ಪ ಕತ್ತರಿಸಲು ಹೋದೆ, ಅದರಲ್ಲಿ ಅವಳ ಸೆರಗು ಹರಿದಿತ್ತು. ಅವಳು ಕೈ ಹಿಡಿದಳು.

“ಪೂರ್ತಿ ಇಡು. ಚಂದ್ರಿಕೆನೂ ಕಾಣ್ಲಿ, ನನ್ನ ಹರಕು ಸೆರಗೂ ಕಾಣ್ಲಿ. ಕತ್ತರಿಸೋದು ಅವನ ಕಸುಬು.”

ಬರಹ ಅವಳೇ ಹೇಳಿದ್ದು, ನಾನು ಬೆರಳಾಡಿಸಿದ್ದಷ್ಟೇ: “ಪಾಲಮ್ಮನ ಮೊಟ್ಟೆ. ತಿನ್ನೋಕೆ ಬರಲ್ಲ, ಉಡೋಕೆ ಬರ್ತೈತೆ. ನಿಮ್ಮನೇಲಿ ಯಾರ್ಯಾರು ಉಟ್ಟೀರಿ?”

ಹತ್ತು ನಿಮಿಷ ಕಳೆಯಿತು. ಆಮೇಲೆ ಯಜಮಾನರ ಹೆಂಡತಿ ಬೋರಕ್ಕಜ್ಜಿ ಮೊಮ್ಮಗಳ ಕೈಯಲ್ಲಿ ತಮ್ಮ ಮದುವೆ ಫೋಟೋ ಹಾಕಿಸಿದರು. ಕಪ್ಪು ಬಿಳುಪು ಫೋಟೋ, ಗಟ್ಟಿ ಅಂಚಿನ ಸೀರೆ, ಪಕ್ಕದಲ್ಲಿ ಮೀಸೆ ಚಿಗುರದ ಚಿನ್ನಯ್ಯ. ಕೆಳಗೆ: “ನಾನೂ ಮೊಟ್ಟೆ ಉಟ್ಕೊಂಡೇ ಈ ಮನೆಗೆ ಬಂದೋಳು. ಯಜಮಾನ್ರು ಏನಂತಾರೆ ಕೇಳ್ರಿ.”

ಕಟ್ಟೆ ಒಡೆಯಿತು. ಶನಿವಾರ ಮಧ್ಯಾಹ್ನದೊಳಗೆ ಮೂವತ್ತೊಂದು ಸೀರೆ. ಮದುವೆಯದು, ಸೀಮಂತದ್ದು, ಒಬ್ಬಳು ಹೊಲದಲ್ಲೇ ರೇಷ್ಮೆ ಸೀರೆ ಸುತ್ತಿಕೊಂಡು ಕುಡುಗೋಲು ಹಿಡಿದು ನಿಂತದ್ದು. ಎಲ್ಲದರ ಕೆಳಗೂ “ನಾನೂ ಮೊಟ್ಟೆ ಉಟ್ಟವಳೇ”. ಮಾರುತೇಶನ ಚಿತ್ರ ಹುಡುಕುವವರ ಹೆಬ್ಬೆರಳು ಸವೆಯುವಷ್ಟು ಮೇಲಕ್ಕೆ ಹೋಯಿತು. ಚಳ್ಳಕೆರೆಯಿಂದ ಅವ್ವ ಫೋನ್ ಮಾಡಿ, “ನಿಮ್ಮ ಹಟ್ಟಿ ಮೊಟ್ಟೆ ನಮ್ಮ ಬೀದಿಗೂ ಬಂದೈತೆ, ನಂದೂ ಒಂದು ಹಾಕೇ” ಅಂದಳು.

ಸೋಮವಾರ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಚಿನ್ನಯ್ಯ ಮಾರುತೇಶನ ಚಿತ್ರವನ್ನೂ ಪಾಲಮ್ಮನ ಹಳೇ ಫೋಟೋವನ್ನೂ ಕನ್ನಡಕ ಏರಿಸಿ ನೋಡಿದರು.

“ಲೇ ಮಾರುತೇಶ, ನಿನ್ನ ಚಿತ್ರದಾಗೆ ಮಂಕರಿ ಹಿಡೀತು, ಚಂದ್ರಿಕೆ ಯಾಕೆ ಹಿಡೀಲಿಲ್ಲ?”

“ಸೈಜಿಗೆ ಕೂರ್ಲಿಲ್ಲ ಮಾವ.”

“ಕೊಕ್ಕು ಹೆಂಗೆ ಕೂತ್ಕೊಂತು?”

ಹೆಂಗಸರ ಕಡೆಯಿಂದ ಎದ್ದ ನಗು ಮಕ್ಕಳವರೆಗೂ ಹೋಯಿತು. ಮಾರುತೇಶ ಎಲ್ಲರೆದುರು ತನ್ನ ಫೋನಿನಿಂದ ಚಿತ್ರ ಅಳಿಸಿದ. “ತಪ್ಪಾತು ಪಾಲಮ್ಮಕ್ಕ” ಅಂದದ್ದು ಮೊದಲ ಸಲ ಕೇಳಿಸಲಿಲ್ಲವೆಂದು ಬೋರಕ್ಕಜ್ಜಿ ಎರಡನೇ ಸಲ ಹೇಳಿಸಿದರು. ಅಡುಗೆಯವರನ್ನು ಬದಲಿಸುವ ಮಾತು ಸಭೆಯ ಪುಸ್ತಕಕ್ಕೆ ಏರಲೇ ಇಲ್ಲ.

ಅಷ್ಟರಲ್ಲಿ ಊಟದ ಗಂಟೆ ಆಯಿತು. ಐವತ್ತೆರಡು ತಟ್ಟೆ ಸಾಲಾಗಿ ಕೂತವು. ಮಾರುತೇಶನ ಮಗ ಎರಡು ಸಲ ಹಾಕಿಸಿಕೊಂಡ. ಸಭೆಗೆ ಬಂದ ನಾವೂ ಕೂತೆವು, ಯಜಮಾನರೂ ತಟ್ಟೆ ಹಿಡಿದರು. ಪಾತ್ರೆಯ ತಳ ಸೌಟಿಗೆ ಸದ್ದು ಮಾಡಿತು.

“ಮಕ್ಕಳದ್ದು ಆತು, ದೊಡ್ಡೋರಿಗೆ ಸಾಲ್ದು” ಅಂದಳು ಪಾಲಮ್ಮ, ಮತ್ತೆ ಎಸರಿಡುತ್ತಾ. “ಇನ್ನೊಂದು ಪಾತ್ರೆ ಇಟ್ಟೀನಿ ಯಜಮಾನ್ರೇ. ಕಾಯ್ರಿ.”

ಚಿನ್ನಯ್ಯ ಖಾಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕಾದರು.